ಬಿಲ್ಜ್‌ನಲ್ಲಿ ನೀರು: ಹಾಯಿದೋಣಿಯ ಸೋರಿಕೆ ಹುಡುಕೋದು ಹೇಗೆ?

ಹಾಯಿದೋಣಿಯ ಕ್ಯಾಬಿನ್‌ನಲ್ಲಿ ನಿಂತು ಕಾಲಡಿಯ ಹಲಗೆ ಎತ್ತಿದರೆ ಕೆಳಗೆ ಕತ್ತಲೆಯ ಒಂದು ಗುಂಡಿ ಕಾಣಿಸತ್ತೆ. ಅದರ ಹೆಸರು ಬಿಲ್ಜ್. ಇಡೀ ದೋಣಿಯ ಅತ್ಯಂತ ತಗ್ಗಿನ ಜಾಗ ಅದು. ಮೇಲೆ ಎಲ್ಲಿ ಸೋರಿದರೂ, ಯಾವ ಪೈಪು ಒಡೆದರೂ ಆ ನೀರು ಕೊನೆಗೆ ಬಂದು ನಿಲ್ಲೋದು ಅಲ್ಲೇ. ಮನೆಯ ಬಚ್ಚಲಿಗೂ ಇದಕ್ಕೂ ಒಂದೇ ವ್ಯತ್ಯಾಸ. ಬಚ್ಚಲಿನ ನೀರು ತಾನಾಗಿಯೇ ಹೊರಗೆ ಹರಿದು ಹೋಗತ್ತೆ. ಬಿಲ್ಜ್ ಇರುವುದು ಸಮುದ್ರದ ಮಟ್ಟಕ್ಕಿಂತ ಕೆಳಗೆ, ಹಾಗಾಗಿ ಅಲ್ಲಿಗೆ ಬಂದ ನೀರನ್ನು ನಾವೇ ಎತ್ತಿ ಹೊರಗೆ ಹಾಕಬೇಕು.

ಬಿಲ್ಜ್‌ನಲ್ಲಿ ಎರಡು ಲೋಟ ನೀರಿದ್ದರೆ ಯಾರೂ ಗಾಬರಿ ಬೀಳುವುದಿಲ್ಲ. ಆದರೆ ನಿನ್ನೆ ಒರೆಸಿದ ಜಾಗದಲ್ಲಿ ಇವತ್ತು ಮತ್ತೆ ನೀರಿದೆ ಅಂದ್ರೆ ಪ್ರಶ್ನೆ ಶುರುವಾಗತ್ತೆ. ಮಳೆಯದಾ? ಕುಡಿಯೋ ನೀರಿನ ಟ್ಯಾಂಕ್‌ದಾ? ಅಥವಾ ಸಮುದ್ರವೇ ಒಳಗೆ ಬರ್ತಾ ಇದೆಯಾ? ಮೂರೂ ನೋಡೋಕೆ ಒಂದೇ ಥರ. ಮೊದಲನೆಯದು ಕಿರಿಕಿರಿ, ಎರಡನೆಯದು ಖರ್ಚು. ಮೂರನೆಯದರಲ್ಲಿ ಪ್ರಾಣವೇ ಹೋಗಬಹುದು. ಯಾವುದು ಅಂತ ಪತ್ತೆ ಮಾಡೋಕೆ ಬೇಕಾಗಿರುವುದು ನಾವು ಈಗಾಗಲೇ ಕಲಿತಿರುವ ವಿಷಯಗಳೇ: ಪಿಯುಸಿ ಕೆಮಿಸ್ಟ್ರಿ, ಫ್ಲೂಯಿಡ್ ಮೆಕ್ಯಾನಿಕ್ಸ್, ಸ್ವಲ್ಪ ಮೆಟೀರಿಯಲ್ ಸೈನ್ಸ್. ಜೊತೆಗೆ ತುಂಬಾ ತಾಳ್ಮೆ.

ತೂತು ಎಷ್ಟು ದೊಡ್ಡದಿದ್ದರೆ ಅಪಾಯ?

ಮೊದಲು ಲೆಕ್ಕ ನೋಡೋಣ. ನೀರಿನ ಮಟ್ಟದಿಂದ 60 ಸೆಂ.ಮೀ. ಕೆಳಗೆ 25 ಮಿ.ಮೀ. ವ್ಯಾಸದ ಒಂದು ತೂತಿದೆ ಅಂದುಕೊಳ್ಳಿ. ಟೊರಿಚೆಲ್ಲಿ ಸೂತ್ರದ ಪ್ರಕಾರ ವೇಗ ಅಂದ್ರೆ 2gh ನ ವರ್ಗಮೂಲ, ಸೆಕೆಂಡಿಗೆ ಸುಮಾರು 3.4 ಮೀಟರ್. ತೂತಿನ ವಿಸ್ತೀರ್ಣದಿಂದ ಗುಣಿಸಿ, ಡಿಸ್ಚಾರ್ಜ್ ಗುಣಾಂಕ 0.6 ಅಂತ ಹಿಡಿದರೆ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಲೀಟರ್ ಬರತ್ತೆ. ನಿಮಿಷಕ್ಕೆ 60 ಲೀಟರ್, ಅಂದರೆ 15 ಲೀಟರಿನ ನಾಲ್ಕು ಬಕೆಟ್. ಒಬ್ಬರೇ ಬಕೆಟ್ ಹಿಡಿದು ಎತ್ತಿ ಚೆಲ್ಲುತ್ತಾ ಎಷ್ಟು ಹೊತ್ತು ನಿಲ್ಲಬಹುದು, ನೀವೇ ಯೋಚಿಸಿ.

ಈ ಸೂತ್ರದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಆಳ ಎರಡರಷ್ಟಾದರೆ ನೀರು ಸುಮಾರು 1.4 ಪಟ್ಟು ಮಾತ್ರ ಹೆಚ್ಚುತ್ತದೆ. ವ್ಯಾಸ ಎರಡರಷ್ಟಾದರೆ ನಾಲ್ಕು ಪಟ್ಟು. ಹಾಗಾಗಿ ತೂತನ್ನು ಪೂರ್ತಿ ಮುಚ್ಚಲು ಆಗದಿದ್ದರೂ ಅರ್ಧ ಅಗಲಕ್ಕೆ ಇಳಿಸಿದರೆ ಸಾಕು, ನೀರು ಕಾಲು ಭಾಗಕ್ಕೆ ಇಳಿಯತ್ತೆ. ತುರ್ತಿನಲ್ಲಿ ಒಂದು ಬಟ್ಟೆ ತುರುಕಿದರೂ ಅಷ್ಟು ಉಪಯೋಗ ಆಗೋದು ಇದರಿಂದಲೇ.

ಈಗ ಇನ್ನೊಂದು ತುದಿ ನೋಡಿ. ಸೆಕೆಂಡಿಗೆ ಒಂದೇ ತೊಟ್ಟು ಬೀಳ್ತಾ ಇದೆ. ಒಂದು ತೊಟ್ಟು ಸುಮಾರು 0.05 ಮಿ.ಲೀ. ದಿನಕ್ಕೆ 86,400 ಸೆಕೆಂಡು, ಅಂದ್ರೆ ನಾಲ್ಕು ಲೀಟರಿಗಿಂತ ಸ್ವಲ್ಪ ಜಾಸ್ತಿ. ಕೇಳೋಕೆ ಏನೂ ಅಲ್ಲ. ಯಾರೂ ಬಂದು ನೋಡದೆ ಎರಡು ತಿಂಗಳು ಕಟ್ಟಿಹಾಕಿದ ದೋಣಿಯಲ್ಲಿ ಅದೇ 250 ಲೀಟರ್ ದಾಟತ್ತೆ.

ಮೊದಲ ಪ್ರಶ್ನೆ: ಇದು ಯಾವ ನೀರು?

ಹಳೆಯ ನಾವಿಕರು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ನೋಡ್ತಾರೆ. ಉಪ್ಪಿದ್ದರೆ ಸಮುದ್ರ, ಸಪ್ಪೆ ಇದ್ದರೆ ಮಳೆ ಅಥವಾ ಟ್ಯಾಂಕ್. ಸುಲಭದ ವಿಧಾನ ಹೌದು, ಆದರೆ ನೀವು ಮಾಡಬೇಡಿ. ಬಿಲ್ಜ್ ನೀರಿನಲ್ಲಿ ಡೀಸೆಲ್, ಶೌಚಾಲಯದ ನೀರು, ಎಂಜಿನ್ ಕೂಲೆಂಟ್ ಏನು ಬೇಕಾದರೂ ಸೇರಿರಬಹುದು. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ.

ಅದರ ಬದಲು ಮನೆಯ ಆರ್‌ಒ ಫಿಲ್ಟರ್ ಪರೀಕ್ಷಿಸೋಕೆ ಬಳಸುವ ಟಿಡಿಎಸ್ ಮೀಟರ್ ಸಾಕು. ಕುಡಿಯುವ ನೀರಿಗೆ ನಮ್ಮ ಬಿಐಎಸ್ ಮಾನದಂಡ ಹೇಳುವ ಮಿತಿ ಲೀಟರಿಗೆ 500 ಮಿ.ಗ್ರಾಂ. ಸಮುದ್ರದ ನೀರಿನಲ್ಲಿ ಸುಮಾರು 35,000. ಅಗ್ಗದ ಮೀಟರು ಅಷ್ಟು ತೋರಿಸಲಾಗದೆ ಕೈ ಚೆಲ್ಲತ್ತೆ, ಆ ಕೈ ಚೆಲ್ಲೋದೇ ಉತ್ತರ! ಮೀಟರ್ ಇಲ್ಲವಾದರೆ ಪಿಯುಸಿ ಲ್ಯಾಬ್ ನೆನಪಿಸಿಕೊಳ್ಳಿ: ಸಿಲ್ವರ್ ನೈಟ್ರೇಟ್ ಎರಡು ಹನಿ ಹಾಕಿದರೆ ಕ್ಲೋರೈಡ್ ಇರುವ ನೀರು ಬೆಳ್ಳಗಾಗತ್ತೆ. ನಲ್ಲಿ ನೀರಿನಲ್ಲಿ ತೆಳು ಮಬ್ಬು ಬಂದರೆ, ಸಮುದ್ರದ ನೀರಿನಲ್ಲಿ ಮೊಸರಿನಂಥ ದಪ್ಪ ಒತ್ತರ ಕೂರತ್ತೆ.

ಇಲ್ಲೇ ಒಂದು ಮೋಸ ಇದೆ. ವರ್ಷಗಟ್ಟಲೆ ಒಣಗಿದ ಉಪ್ಪು ಬಿಲ್ಜ್‌ನ ಮೂಲೆಗಳಲ್ಲಿ ಅಂಟಿಕೊಂಡಿರತ್ತೆ. ಅದರ ಮೇಲೆ ಮಳೆನೀರು ಬಿದ್ದರೂ ಉಪ್ಪಾಗತ್ತೆ. ಹಾಗಾಗಿ ಪರೀಕ್ಷೆಗೆ ಮೊದಲು ಬಿಲ್ಜನ್ನು ಸೋಪು ಹಾಕಿ ತೊಳೆದು, ಸಿಹಿನೀರಿನಲ್ಲಿ ಜಾಲಾಡಿ, ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಆಮೇಲೆ ಬರುವ ನೀರಿನ ಮಾತು ಮಾತ್ರ ನಂಬಬಹುದು. ಈ ಹೆಜ್ಜೆ ಬೇಜಾರಿನದು ಅಂತ ಬಿಟ್ಟರೆ ಮುಂದಿನ ಯಾವ ತೀರ್ಮಾನಕ್ಕೂ ಬೆಲೆ ಇಲ್ಲ.

ಎರಡನೇ ಪ್ರಶ್ನೆ: ಯಾವಾಗ ಬರತ್ತೆ?

ಒಣಗಿಸಿದ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡು ಕಾಯಬೇಕು. ಸೋರಿಕೆಯ ಸಮಯವೇ ಅರ್ಧ ಉತ್ತರ ಹೇಳತ್ತೆ.

- ಮಳೆ ಬಂದ ಮೇಲೆ ಮಾತ್ರ ಬಂದರೆ: ಡೆಕ್, ಕಿಟಕಿ, ಹ್ಯಾಚ್, ಅಥವಾ ಹಾಯಿಕಂಬ. ಕಂಬ ಡೆಕ್ ತೂರಿಕೊಂಡು ಕೀಲ್ ಮೇಲೆ ನಿಂತಿರುವ ದೋಣಿಗಳಲ್ಲಿ, ಹಗ್ಗಗಳಿಗೆಂದು ಕಂಬದ ತುದಿಯಲ್ಲಿರುವ ತೂತಿನಿಂದ ಮಳೆನೀರು ಕಂಬದೊಳಗೇ ಇಳಿದು ನೇರ ಬಿಲ್ಜ್‌ಗೆ ಬೀಳತ್ತೆ.
- ಮಳೆ ಇಲ್ಲ, ಎಂಜಿನ್ ಇಲ್ಲ, ಸುಮ್ಮನೆ ಕಟ್ಟಿಹಾಕಿದಾಗಲೂ ಬಂದರೆ: ನೀರಿನ ಮಟ್ಟದ ಕೆಳಗಿನ ವಾಲ್ವ್, ಹೋಸ್ ಪೈಪು, ಪ್ರೊಪೆಲ್ಲರ್ ಶಾಫ್ಟಿನ ಗ್ಲ್ಯಾಂಡ್.
- ಎಂಜಿನ್ ಓಡಿಸಿದಾಗ ಮಾತ್ರ: ಕೂಲಿಂಗ್ ನೀರಿನ ಪಂಪು, ಎಕ್ಸಾಸ್ಟ್ ಹೋಸ್, ಮತ್ತೆ ಅದೇ ಗ್ಲ್ಯಾಂಡ್.
- ಗಾಳಿಗೆ ದೋಣಿ ಒಂದು ಕಡೆ ವಾಲಿದಾಗ ಮಾತ್ರ: ಸಾಮಾನ್ಯವಾಗಿ ನೀರಿನ ಮೇಲಿದ್ದು, ವಾಲಿದಾಗ ಮುಳುಗುವ ತೂತುಗಳು. ಇಲ್ಲವೇ ಕೀಲ್ ಜೋಡಣೆ.
- ಸಪ್ಪೆ ನೀರು, ಜೊತೆಗೆ ಯಾರೂ ನಲ್ಲಿ ತಿರುಗಿಸದಿದ್ದರೂ ಆಗಾಗ ನೀರಿನ ಪಂಪು ಗುಂಯ್ ಅಂದರೆ: ದೋಣಿಯೊಳಗಿನ ಪೈಪ್‌ಲೈನೇ ಸೋರ್ತಾ ಇದೆ.

ಆಮೇಲೆ ಒಂದೊಂದೇ ವಾಲ್ವ್ ಮುಚ್ಚಿ ಒಂದೊಂದು ದಿನ ನೋಡುವುದು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಬದಲಿಸಿ ಸೋರಿಕೆ ನಿಂತರೆ, ಯಾವುದರಿಂದ ನಿಂತಿತು ಅಂತ ಯಾವತ್ತೂ ಗೊತ್ತಾಗಲ್ಲ. ಕೋಡ್ ಡೀಬಗ್ ಮಾಡುವವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೇ ಪ್ರಶ್ನೆ: ಎಲ್ಲಿಂದ ಬರತ್ತೆ?

ನೀರು ಕಾಣಿಸುವ ಜಾಗವೇ ನೀರು ನುಗ್ಗುವ ಜಾಗ ಅಲ್ಲ. ದೋಣಿಯ ಮುಂದಿನ ಒಂದು ಬೋಲ್ಟಿನ ಹತ್ತಿರ ಒಳಬಂದ ನೀರು, ಒಳಗೋಡೆಯ ಹಿಂದೆ ಹರಿದು, ಬೀರುಗಳ ಕೆಳಗೆ ನುಸುಳಿ, ನಾಲ್ಕು ಮೀಟರ್ ಹಿಂದೆ ಎಂಜಿನ್ ಪಕ್ಕ ಮೇಲೇಳಬಹುದು. ಆಗ ಎಲ್ಲರೂ ಎಂಜಿನನ್ನೇ ಬೈತಾರೆ.

ಇದಕ್ಕೆ ಕೆಲವು ಅಗ್ಗದ ಉಪಾಯಗಳಿವೆ. ಬಿಲ್ಜ್‌ನ ಅಡ್ಡಪಟ್ಟಿಗಳಲ್ಲಿ ನೀರು ಹರಿಯಲೆಂದು ಸಣ್ಣ ಕಂಡಿಗಳಿರುತ್ತವೆ. ಅವನ್ನು ತಾತ್ಕಾಲಿಕವಾಗಿ ಪುಟ್ಟಿಯಿಂದ ಮುಚ್ಚಿದರೆ ಬಿಲ್ಜ್ ನಾಲ್ಕೈದು ಖಾನೆಗಳಾಗತ್ತೆ. ಯಾವ ಖಾನೆ ಮೊದಲು ತುಂಬಿತು ಅಂತ ನೋಡಿದರೆ ಹುಡುಕುವ ಜಾಗ ಐದನೇ ಒಂದು ಭಾಗಕ್ಕೆ ಇಳಿಯಿತು. ಪರೀಕ್ಷೆ ಮುಗಿದ ಕೂಡಲೇ ಪುಟ್ಟಿ ತೆಗೀಬೇಕು, ಇಲ್ಲದಿದ್ದರೆ ನೀರು ಪಂಪಿನವರೆಗೆ ತಲುಪೋದೇ ಇಲ್ಲ. ಅನುಮಾನ ಇರುವ ಕಡೆ ಟಾಲ್ಕಂ ಪೌಡರ್ ಉದುರಿಸಿದರೆ ಒಂದೇ ತೊಟ್ಟು ಹರಿದರೂ ಗೆರೆ ಮೂಡತ್ತೆ. ಪ್ರತಿ ಪೈಪಿನ ಜೋಡಣೆಯ ಕೆಳಗೆ ಟಿಶ್ಯೂ ಪೇಪರ್ ಇಡಬಹುದು. ಟ್ಯಾಂಕ್ ಮೇಲೆ ಸಂಶಯ ಇದ್ದರೆ ಅದಕ್ಕೆ ಅಡುಗೆಯ ಕೆಂಪು ಬಣ್ಣ ಹಾಕಿ. ಬಿಲ್ಜ್‌ನಲ್ಲಿ ಕೆಂಪು ಕಂಡರೆ ಕೇಸ್ ಮುಗೀತು.

ಡೆಕ್ ಸೋರಿಕೆಗೆ ಹೊರಗಿಂದ ಹೋಸ್ ಹಿಡಿದು ನೀರು ಬಿಡೋದು ರೂಢಿ. ಯಾವಾಗಲೂ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಫಿಟ್ಟಿಂಗಿಗೆ ಹತ್ತು ನಿಮಿಷ. ಮೇಲಿಂದ ಶುರು ಮಾಡಿದರೆ ನೀರು ಇಳಿಯುತ್ತಾ ಎಲ್ಲವನ್ನೂ ಒದ್ದೆ ಮಾಡಿಬಿಡತ್ತೆ. ಇನ್ನೂ ಚಂದದ ವಿಧಾನ ಪಂಕ್ಚರ್ ಅಂಗಡಿಯದು. ಹ್ಯಾಚ್, ಗಾಳಿಕಂಡಿ ಎಲ್ಲ ಮುಚ್ಚಿ ಬ್ಲೋವರ್‌ನಿಂದ ಕ್ಯಾಬಿನ್ ಒಳಗೆ ಸ್ವಲ್ಪವೇ ಸ್ವಲ್ಪ ಗಾಳಿ ತುಂಬಿ, ಹೊರಗೆ ಡೆಕ್ ಮೇಲೆ ಸೋಪಿನ ನೀರು ಬಳಿಯುವುದು. ಗುಳ್ಳೆ ಎದ್ದ ಕಡೆ ತೂತಿದೆ.

ಪದೇ ಪದೇ ಸಿಗುವ ಅಪರಾಧಿಗಳು

ಗ್ಲ್ಯಾಂಡ್: ಎಂಜಿನ್ ಒಳಗಿದೆ, ಪ್ರೊಪೆಲ್ಲರ್ ನೀರಿನಲ್ಲಿದೆ. ನಡುವೆ ತಿರುಗುವ ಶಾಫ್ಟ್ ದೋಣಿಯ ಒಡಲನ್ನು ತೂರಿಕೊಂಡೇ ಹೋಗಬೇಕು. ಮಲ್ಪೆ, ಮಂಗಳೂರು ಬಂದರಿನ ಎಂಜಿನ್ ಒಳಗಿರುವ ಮೀನುಗಾರಿಕೆ ಬೋಟುಗಳಲ್ಲೂ ಇದೇ ಸಮಸ್ಯೆ, ಹೊಲದ ಪಂಪ್‌ಸೆಟ್ಟಿನಲ್ಲೂ ಇದೇ. ಪರಿಹಾರವೂ ಒಂದೇ: ಶಾಫ್ಟಿನ ಸುತ್ತ ಗ್ರೀಸು ಹಚ್ಚಿದ ಪ್ಯಾಕಿಂಗ್ ದಾರದ ಬಳೆಗಳನ್ನು ಹಾಕಿ ನಟ್ಟಿನಿಂದ ಒತ್ತಿ ಹಿಡಿಯುವುದು. ಸಾಂಪ್ರದಾಯಿಕ ಗ್ಲ್ಯಾಂಡ್ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ತೊಟ್ಟು ಸೋರಲೇಬೇಕು, ಆ ನೀರೇ ಅದನ್ನು ತಂಪಾಗಿಡೋದು. ಒಂದು ತೊಟ್ಟೂ ಬೀಳಬಾರದು ಅಂತ ಬಿಗಿ ಮಾಡಿದರೆ ದಾರ ಸುಟ್ಟು, ಶಾಫ್ಟ್ ಸವೆದು ಗೆರೆ ಬೀಳತ್ತೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲೋದಿಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ಮಾತ್ರ ಸ್ವಲ್ಪ ಬಿಗಿ ಮಾಡಬೇಕು, ಅದಕ್ಕೂ ಬಗ್ಗದಿದ್ದರೆ ದಾರ ಬದಲಿಸಬೇಕು. ಹಳೆಯ ದಾರ ಪೂರ್ತಿ ತೆಗೆದು, ಹೊಸದನ್ನು ಸುರುಳಿ ಸುತ್ತದೆ ಬೇರೆ ಬೇರೆ ಬಳೆಗಳಾಗಿ ಕತ್ತರಿಸಿ, ಅವುಗಳ ಸಂದುಗಳು ಒಂದರ ಹಿಂದೆ ಒಂದು ಬರದ ಹಾಗೆ 120 ಡಿಗ್ರಿ ತಿರುಗಿಸಿ ಕೂರಿಸಬೇಕು. ಸಂದುಗಳು ಒಂದೇ ಸಾಲಿನಲ್ಲಿದ್ದರೆ ನೀರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಈ ಕೆಲಸಕ್ಕೆ ದೋಣಿ ದಡಕ್ಕೆ ಬಂದಿದ್ದರೆ ಒಳ್ಳೆಯದು, ಯಾಕಂದ್ರೆ ದಾರ ತೆಗೆದ ಕ್ಷಣ ಸಮುದ್ರ ಒಳಗೆ ಬರತ್ತೆ.

ವಾಲ್ವ್ ಮತ್ತು ಹೋಸ್: ನೀರಿನ ಮಟ್ಟದ ಕೆಳಗಿನ ಪ್ರತಿ ತೂತಿಗೂ ಒಂದು ವಾಲ್ವ್ ಇರತ್ತೆ, ಅದನ್ನು ಸೀಕಾಕ್ ಅಂತಾರೆ. ಅದು ಸಾದಾ ಹಿತ್ತಾಳೆಯದಾಗಿದ್ದರೆ ಉಪ್ಪುನೀರಿನಲ್ಲಿ ಸತು ಕರಗಿ ಹೋಗಿ ಬರೀ ತಾಮ್ರದ ಜಾಳು ಉಳಿಯತ್ತೆ. ಇದೇ ಡಿಜಿಂಕಿಫಿಕೇಶನ್. ಆಕಾರ ಹಾಗೇ ಇರತ್ತೆ, ಶಕ್ತಿ ಇರಲ್ಲ. ಹಳದಿ ಹೋಗಿ ನಸುಗೆಂಪು ಬಣ್ಣ ಬಂದಿದ್ದರೆ ಅದನ್ನು ತಿರುಗಿಸೋಕೂ ಹೆದರಬೇಕು, ಕೈಗೇ ಕಿತ್ತು ಬರಬಹುದು. ಬದಲಿಗೆ ಕಂಚಿನದು ಅಥವಾ ಗಾಜಿನ ನಾರು ಸೇರಿಸಿದ ನೈಲಾನಿನದು ಹಾಕುತ್ತಾರೆ. ಹೋಸಿಗೆ ಸ್ಟೇನ್‌ಲೆಸ್ ಸ್ಟೀಲಿನ ಎರಡೆರಡು ಕ್ಲಾಂಪ್. ಪ್ರತಿ ವಾಲ್ವಿನ ಪಕ್ಕ ಮೆದು ಮರದ ಒಂದು ಚೂಪು ಬೆಣೆ ಕಟ್ಟಿಟ್ಟಿರುತ್ತಾರೆ. ವಾಲ್ವ್ ಮುರಿದರೆ ಆ ಬೆಣೆ ಬಡಿಯುವುದು. ಮೆದು ಮರವೇ ಯಾಕೆ? ಅದು ನೀರು ಕುಡಿದು ಉಬ್ಬಿ ತೂತನ್ನು ಇನ್ನೂ ಬಿಗಿಯಾಗಿ ಮುಚ್ಚತ್ತೆ.

ಸೈಫನ್: ಇದು ಎಲ್ಲರನ್ನೂ ಯಾಮಾರಿಸುವ ಆಸಾಮಿ. ಇಲ್ಲಿ ತೂತೂ ಇಲ್ಲ, ಯಾವುದೂ ಒಡೆದಿಲ್ಲ. ಬಿಲ್ಜ್ ಪಂಪಿನ ಹೊರಬಾಯಿ ನೀರಿನ ಮಟ್ಟಕ್ಕೆ ಹತ್ತಿರ ಇದೆ. ಗಾಳಿಗೆ ದೋಣಿ ವಾಲಿ ಆ ಬಾಯಿ ಮುಳುಗಿತು, ಪಂಪು ಆಗಷ್ಟೇ ನಿಂತಿದೆ, ಪೈಪಿನ ತುಂಬ ನೀರಿದೆ. ಹೊರಗಿನ ಮಟ್ಟ ಎತ್ತರ, ಬಿಲ್ಜ್ ತಗ್ಗು. ನೀರನ್ನು ಹೊರಗೆ ಹಾಕಬೇಕಾದ ಪೈಪೇ ಸಮುದ್ರವನ್ನು ಒಳಗೆ ತರತ್ತೆ. ಪರಿಹಾರ: ದೋಣಿ ಎಷ್ಟು ವಾಲಿದರೂ ಮುಳುಗದಷ್ಟು ಎತ್ತರಕ್ಕೆ ಪೈಪನ್ನು ಕಮಾನಿನ ಹಾಗೆ ಒಯ್ದು, ಅದರ ತುದಿಯಲ್ಲಿ ಗಾಳಿ ಒಳಬಿಡುವ ಸಣ್ಣ ವಾಲ್ವ್ ಇಡುವುದು. ಗಾಳಿ ಸೇರಿದರೆ ಸೈಫನ್ ಕಡಿದುಹೋಗತ್ತೆ.

ಡೆಕ್ಕಿನ ಬೋಲ್ಟುಗಳು: ಡೆಕ್ ಅಂದ್ರೆ ಬಹಳ ಸಲ ಫೈಬರ್‌ಗ್ಲಾಸಿನ ಎರಡು ಪದರದ ನಡುವೆ ಬಾಲ್ಸಾ ಮರ. ಬೋಲ್ಟಿನ ಸುತ್ತಲಿನ ಸೀಲೆಂಟ್ ಸೋತರೆ ಬಿಲ್ಜ್‌ಗೆ ಬರುವ ನೀರು ಕಡಿಮೆಯೇ, ಆದರೆ ನಡುವಿನ ಮರ ಕೊಳೆಯೋಕೆ ಶುರುವಾಗತ್ತೆ. ಮೇಲಿಂದ ಸಿಲಿಕೋನ್ ಮೆತ್ತಿದರೆ ನಾಲ್ಕು ದಿನದ ಶಾಂತಿ ಅಷ್ಟೇ. ಜೊತೆಗೆ ಸಿಲಿಕೋನಿನ ಜಿಡ್ಡು ಉಳಿದ ಜಾಗಕ್ಕೆ ಬೇರೆ ಯಾವ ಸೀಲೆಂಟೂ ಸರಿಯಾಗಿ ಅಂಟಲ್ಲ. ಸರಿಯಾದ ಕೆಲಸ ಅಂದ್ರೆ ಫಿಟ್ಟಿಂಗ್ ಬಿಚ್ಚಿ, ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆದು, ಬ್ಯೂಟೈಲ್ ಟೇಪು ಇಟ್ಟು ಕೂರಿಸುವುದು. ಮುಂದೆ ಯಾವತ್ತಾದರೂ ಸೋರಿದರೂ ನೀರಿಗೆ ಎಪಾಕ್ಸಿ ಸಿಗತ್ತೆ, ಮರ ಸಿಗಲ್ಲ.

ಕೀಲ್: ತಾತ್ಸಾರ ಮಾಡಲೇಬಾರದ್ದು

ಹಾಯಿದೋಣಿ ಮಗುಚದ ಹಾಗೆ ಹಿಡಿದಿರುವುದು ಅದರ ಅಡಿಯ ಭಾರದ ಕೀಲ್. ಈಗಿನ ಬಹಳಷ್ಟು ದೋಣಿಗಳಲ್ಲಿ ಅದನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಕೀಲ್ ಜೋಡಣೆಯ ಮುಂಭಾಗದಲ್ಲಿ ಬಿರುಕು, ಬೋಲ್ಟಿನ ಬುಡದಲ್ಲಿ ತುಕ್ಕಿನ ಕಲೆ, ವಾಲಿದಾಗ ಮಾತ್ರ ಬರುವ ಉಪ್ಪುನೀರು, ಇವು ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯಲ್ಲ ಅನ್ನೋದು ಆಮ್ಲಜನಕ ಸಿಗುವ ಜಾಗದಲ್ಲಿ ಮಾತ್ರ ನಿಜ. ನಿಂತ ಉಪ್ಪುನೀರಿನ ಸಂದಿಯಲ್ಲಿ ಅದರ ರಕ್ಷಣೆಯ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳಲ್ಲ, ಬೋಲ್ಟು ಒಳಗೊಳಗೇ ತೆಳುವಾಗತ್ತೆ.

2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ ಬ್ರಿಟಿಷ್ ಹಾಯಿದೋಣಿ ಕೆರಿಬಿಯನ್‌ನ ಆಂಟಿಗುವಾದಿಂದ ಇಂಗ್ಲೆಂಡಿಗೆ ಮರಳುತ್ತಿತ್ತು. ನಡು ಅಟ್ಲಾಂಟಿಕ್‌ನಲ್ಲಿ ಒಳಗೆ ನೀರು ಬರತೊಡಗಿತು. ದೋಣಿಯವರು ಸಂದೇಶ ಕಳಿಸಿದಾಗ ಅವರ ಅನುಮಾನ ಇದ್ದದ್ದು ಒಡೆದ ನೀರಿನ ಟ್ಯಾಂಕಿನ ಮೇಲೆ. ಒಡಲು, ವಾಲ್ವುಗಳನ್ನೂ ನೋಡಿದ್ದರು, ಏನೂ ಕಂಡಿರಲಿಲ್ಲ. ಆಮೇಲೆ ಕೀಲ್ ಕಳಚಿ ದೋಣಿ ಮಗುಚಿತು. ನಾಲ್ವರೂ ಸಿಗಲಿಲ್ಲ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ, ಹಿಂದೆ ದೋಣಿಯ ತಳ ನೆಲಕ್ಕೆ ತಾಗಿದ್ದು ಮತ್ತು ಆಮೇಲಿನ ರಿಪೇರಿಗಳು ಸೇರಿ ಆ ಜೋಡಣೆಯನ್ನು ದುರ್ಬಲಗೊಳಿಸಿರಬಹುದು ಎಂದಿತು. ಬಿರುಗಾಳಿಯ ಅಟ್ಲಾಂಟಿಕ್‌ನಲ್ಲಿ ಅವರು ಕೀಲ್ ಪರೀಕ್ಷಿಸುವ ಸ್ಥಿತಿಯಲ್ಲಿರಲಿಲ್ಲ. ಈ ಪರೀಕ್ಷೆ ನಡೆಯಬೇಕಾದ್ದು ದಡದಲ್ಲಿ, ಹೊರಡುವ ಮೊದಲು. ನೆಲಕ್ಕೆ ತಾಗಿದ ದೋಣಿಯನ್ನು ಮೇಲೆತ್ತಿ ನೋಡದೆ ಮತ್ತೆ ಸಮುದ್ರಕ್ಕೆ ಬಿಡಬಾರದು.

ಬಾಂಬೆಯ ದೋಣಿ, ಹತ್ತಿಯ ಬತ್ತಿ

ನಡುಸಮುದ್ರದಲ್ಲಿ ಸೋರಿಕೆ ಸರಿಮಾಡಿದ ಪ್ರಸಿದ್ಧ ಉದಾಹರಣೆಗೆ ನಮ್ಮ ದೇಶದ ನಂಟಿದೆ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು, 1969ರ ಏಪ್ರಿಲ್ 22ಕ್ಕೆ ಅಲ್ಲಿಗೇ ಮರಳಿ, ಒಬ್ಬಂಟಿಯಾಗಿ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ಮೊದಲಿಗರಾದರು. ಅವರ 32 ಅಡಿಯ ದೋಣಿ ‘ಸುಹೈಲಿ’ ಕಟ್ಟಿದ್ದು ಬಾಂಬೆಯ ಕೊಲಾಬಾದಲ್ಲಿ, ತೇಗದ ಮರದಲ್ಲಿ.

ಯಾತ್ರೆಯ ಆರಂಭದಲ್ಲೇ, ಅಟ್ಲಾಂಟಿಕ್‌ನಲ್ಲಿ, ಸುಹೈಲಿ ಸೋರತೊಡಗಿತು. ನಾಕ್ಸ್-ಜಾನ್‌ಸ್ಟನ್ ನೀರಿಗಿಳಿದು ನೋಡಿದರು. ಕೀಲ್ ಪಕ್ಕದ ಹಲಗೆಯ ಸಂದು ಎರಡೂ ಬದಿಯಲ್ಲಿ ಬಾಯಿ ಬಿಟ್ಟಿತ್ತು. ಮರದ ದೋಣಿಯ ಸಂದಿಗೆ ಹತ್ತಿ ತುರುಕಿ ಬಡಿಯುವುದು ಹಳೆಯ ವಿದ್ಯೆ. ಆದರೆ ನೀರಿನಡಿ, ಉಸಿರು ಕಟ್ಟಿಕೊಂಡು, ಅಲೆಗೆ ಏಳುಬೀಳುವ ದೋಣಿಯ ಕೆಳಗೆ ಆ ಹತ್ತಿ ನಿಲ್ಲಲಿಲ್ಲ. ಆಗ ಅವರು ಕ್ಯಾನ್ವಾಸಿನ ಉದ್ದ ಪಟ್ಟಿಗೆ ಹತ್ತಿಯನ್ನು ಹೊಲಿದು, ಪಟ್ಟಿಯನ್ನೇ ಸಂದಿನ ಮೇಲೆ ತಾಮ್ರದ ಮೊಳೆಗಳಿಂದ ಹೊಡೆದರು. ಅದರ ಮೇಲೆ ತಾಮ್ರದ ತಗಡು. ನಡುವೆ ಶಾರ್ಕ್ ಬಂದು ಸುತ್ತತೊಡಗಿದಾಗ ದೋಣಿಗೆ ಹತ್ತಿ ಕಾದು, ಬಂದೂಕಿನಿಂದ ಅದನ್ನು ಹೊಡೆದು, ಮತ್ತೆ ಇಳಿದರು. ಆ ರಿಪೇರಿಯೊಂದಿಗೇ ಯಾತ್ರೆ ಮುಂದುವರಿಯಿತು.

ಇಲ್ಲಿ ಸಿವಿಲ್‌ನವರಿಗೆ ಪರಿಚಿತವಾದ ತತ್ವ ಇದೆ. ತೇಪೆ ಹೊರಗಿಂದ ಹಾಕಿದರೆ ನೀರಿನ ಒತ್ತಡವೇ ಅದನ್ನು ಗೋಡೆಗೆ ಒತ್ತಿ ಹಿಡಿಯತ್ತೆ. ಒಳಗಿಂದ ಹಾಕಿದರೆ ಅದೇ ಒತ್ತಡ ಕಿತ್ತು ಹಾಕೋಕೆ ನೋಡತ್ತೆ. 60 ಸೆಂ.ಮೀ. ಆಳದಲ್ಲಿ ಒತ್ತಡ ಸುಮಾರು 6 ಕಿಲೋಪ್ಯಾಸ್ಕಲ್. ಅಂಗೈಯಗಲದ, 10 ಸೆಂ.ಮೀ. ಚೌಕದ ತೇಪೆಯ ಮೇಲೆ ಅದು 60 ನ್ಯೂಟನ್, ಅಂದರೆ ಆರು ಕಿಲೋ ತೂಕ. ಈ ಆರು ಕಿಲೋ ನಮ್ಮ ಪರವಾಗಿ ಕೆಲಸ ಮಾಡಬೇಕೋ ವಿರುದ್ಧವಾಗಿಯೋ ಅನ್ನೋದು ತೇಪೆ ಹಾಕುವ ಬದಿಯ ಮೇಲಿದೆ. ತುರ್ತಿನಲ್ಲಿ ಟಾರ್ಪಾಲನ್ನು ಹಗ್ಗ ಕಟ್ಟಿ ದೋಣಿಯ ಹೊರಬದಿಗೆ ಎಳೆದು ತೂತು ಮುಚ್ಚೋದೂ ಇದೇ ಕಾರಣಕ್ಕೆ.

ಪಂಪು ಇದೆಯಲ್ಲಾ?

ಪಂಪಿನ ಮೇಲೆ ಬರೆದ ಸಂಖ್ಯೆ ನಂಬಬೇಡಿ. ಗಂಟೆಗೆ 2000 ಗ್ಯಾಲನ್ ಅಂತ ಇದ್ದರೆ ಅಮೆರಿಕದ ಅಳತೆಯಲ್ಲಿ ನಿಮಿಷಕ್ಕೆ 126 ಲೀಟರ್. ಆದರೆ ಅದು ನೀರನ್ನು ಮೇಲಕ್ಕೆತ್ತುವ ಕೆಲಸವೇ ಇಲ್ಲದಾಗಿನ ಲೆಕ್ಕ. ಒಂದು ಮೀಟರಿಗೂ ಮೇಲೆ ಎತ್ತಬೇಕು, ಒಳಮೈ ಸುಕ್ಕಿರುವ ಹೋಸು, ಬ್ಯಾಟರಿ ವೋಲ್ಟೇಜ್ ಇಳಿದಿದೆ ಅಂದ್ರೆ ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ. ಆಗ ಅದು ನಾವು ಮೊದಲು ಲೆಕ್ಕ ಹಾಕಿದ ಆ ಒಂದೇ ತೂತಿಗೆ ಸರಿಸಮ ನಿಲ್ಲತ್ತೆ, ಅಷ್ಟೇ. ಆ ಪಂಪು 10 ಆಂಪಿಯರ್ ಎಳೆಯುತ್ತದೆ ಅಂದುಕೊಂಡರೆ, 100 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಬಳಸುವ ಹೊತ್ತಿಗೆ ಐದು ಗಂಟೆ ಕಳೆದಿರತ್ತೆ. ಕಟ್ಟಿಹಾಕಿದ ಜಾಗದಲ್ಲೇ ಯಾರಿಗೂ ಗೊತ್ತಾಗದೆ ದೋಣಿಗಳು ಮುಳುಗೋದು ಹೀಗೆ: ಸೋರಿಕೆ ಸಣ್ಣದು, ಪಂಪು ಚೆನ್ನಾಗಿಯೇ ಕೆಲಸ ಮಾಡ್ತಾ ಇತ್ತು, ಬ್ಯಾಟರಿ ಖಾಲಿಯಾಯ್ತು.

ಸದ್ದಿಲ್ಲದೆ ಕೆಲಸ ಮಾಡುವ ಪಂಪು ರೋಗವನ್ನು ಮುಚ್ಚಿಡತ್ತೆ. ಹಾಗಾಗಿ ಅದು ದಿನಕ್ಕೆ ಎಷ್ಟು ಸಲ ಓಡಿತು ಅಂತ ಎಣಿಸುವ ಕೌಂಟರ್ ಬೇಕು. ನಿನ್ನೆ ಎರಡು ಸಲ, ಇವತ್ತು ಐದು ಸಲ ಅಂದ್ರೆ ಏನೋ ಬದಲಾಗಿದೆ. ಇಸಿ ಮತ್ತು ಸಿಎಸ್‌ನವರಿಗೆ ಇದು ಒಳ್ಳೆಯ ಮಿನಿ ಪ್ರಾಜೆಕ್ಟ್: ಒಂದು ಫ್ಲೋಟ್ ಸ್ವಿಚ್, ಒಂದು ಮೈಕ್ರೋಕಂಟ್ರೋಲರ್, ಸಮಯ ದಾಖಲಿಸುವ ಚಿಪ್, ಮಿತಿ ಮೀರಿದರೆ ಮೊಬೈಲಿಗೆ ಮೆಸೇಜ್. ಜೊತೆಗೊಂದು ಕಂಡಕ್ಟಿವಿಟಿ ಪ್ರೋಬ್ ಸೇರಿಸಿದರೆ ಬಂದದ್ದು ಮಳೆಯೋ ಸಮುದ್ರವೋ ಅನ್ನೋದನ್ನೂ ಅದೇ ಹೇಳತ್ತೆ. ಸಮುದ್ರ ಇಲ್ಲದ ಊರಿನಲ್ಲಿ ಇದನ್ನ ಪರೀಕ್ಷಿಸೋದು ಹೇಗೆ ಅಂತೀರಾ? ಒಂದು ಬಕೆಟ್ ನೀರು, ಲೀಟರಿಗೆ 35 ಗ್ರಾಂ ಅಡುಗೆ ಉಪ್ಪು. ಹಾಸ್ಟೆಲಿನ ಮೆಸ್‌ನಲ್ಲಿ ಕೇಳಿದರೆ ಕೊಡ್ತಾರೆ.